ಸಗಟು ದರದ ಕಡತ: ಸಿಆರ್‌ಟಿಸಿ ಮುಂದೆ ಇಂಟರ್ನೆಟ್ ದರ ನಿಗದಿಯಾಗುವ ಬಗೆ

ಕೆನಡಾದಲ್ಲಿ ಸಣ್ಣ ಇಂಟರ್ನೆಟ್ ಕಂಪನಿ ನಡೆಸುವವರಿಗೆ ತಿಂಗಳು ತಿಂಗಳೂ ಬರುವ ಅತಿ ದೊಡ್ಡ ಬಿಲ್ಲನ್ನು ಕಳಿಸುವುದು ಅವರ ಎದುರಾಳಿ ಕಂಪನಿಯೇ. ಗಿರಾಕಿಯ ಮನೆಗೆ ಹೋಗಿರುವ ತಂತಿ ದೊಡ್ಡ ಟೆಲಿಫೋನ್ ಕಂಪನಿಯದೋ ಕೇಬಲ್ ಕಂಪನಿಯದೋ ಆಗಿರುತ್ತದೆ. ಅದನ್ನು ಸಗಟು ದರಕ್ಕೆ ಕೊಂಡು ತಮ್ಮ ಹೆಸರಿನಲ್ಲಿ ಚಿಲ್ಲರೆಯಾಗಿ ಮಾರಬೇಕು. ಆ ಬಿಲ್ಲಿನಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಸಾಲು. ಒಂದು ಆಕ್ಸೆಸ್: ಒಂದು ಮನೆಗೆ ತಿಂಗಳಿಗೆ ಇಷ್ಟು ಎಂದು, ವೇಗದ ಶ್ರೇಣಿಗೆ ತಕ್ಕಂತೆ. ಇನ್ನೊಂದು ಕೆಪಾಸಿಟಿ: ಎಲ್ಲ ಮನೆಗಳ ಟ್ರಾಫಿಕ್ ಒಟ್ಟಾಗಿ ಹರಿದು ಬರುವ ಕೊಳವೆಗೆ, 100 ಎಂಬಿಪಿಎಸ್‌ನ ಒಂದೊಂದು ತುಂಡಿಗೆ ಇಷ್ಟು ಎಂದು. ಈ ಎರಡು ಸಂಖ್ಯೆಗಳಿಗೆ ಒಪ್ಪಿಗೆಯ ಮುದ್ರೆ ಬೀಳುವುದು ಸಿಆರ್‌ಟಿಸಿಯಲ್ಲಿ, ಅಂದರೆ ಕೆನಡಾದ ಪ್ರಸಾರ ಮತ್ತು ದೂರಸಂಪರ್ಕ ಆಯೋಗದಲ್ಲಿ. ಅದರ ಕಚೇರಿ ಇರುವುದು ಒಟ್ಟಾವ ನದಿಯ ಆಚೆ ದಡದ ಗ್ಯಾಟಿನೋದಲ್ಲಿ.

ನಾವು ಕೆಲಸ ಮಾಡುವುದು ಇಂಥ ಸಣ್ಣ ಕಂಪನಿಗಳ ಪರವಾಗಿ. ದೊಡ್ಡ ಕಂಪನಿಯ ದರದ ಅರ್ಜಿ ಕಡತಕ್ಕೆ ಬಂದ ದಿನದಿಂದ ಅಂತಿಮ ಆದೇಶದ ನಂತರದ ಮೊದಲ ಬಿಲ್ಲಿನವರೆಗೆ ಏನೇನು ಮಾಡಬೇಕು, ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಬೆಸ್ಕಾಂ, ಮೆಸ್ಕಾಂಗಳು ಕೆಇಆರ್‌ಸಿ ಮುಂದೆ ದರ ಪರಿಷ್ಕರಣೆಯ ಅರ್ಜಿ ಹಾಕುವುದು, ಜನರಿಂದ ಆಕ್ಷೇಪಣೆ ಕರೆಯುವುದು, ಕೊನೆಗೆ ಯೂನಿಟ್ ದರ ಪ್ರಕಟವಾಗುವುದು ಕರ್ನಾಟಕದವರಿಗೆ ಗೊತ್ತಿರುವ ಸಂಗತಿ. ಇಲ್ಲಿಯ ಚೌಕಟ್ಟೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಇಲ್ಲಿ ಮಾರುವವನೂ ಕೊಳ್ಳುವವನೂ ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುವವರು. ಆ ಕಾರಣಕ್ಕೇ ವೆಚ್ಚದ ಲೆಕ್ಕದ ಬಹುಪಾಲು ನಮ್ಮ ಕಣ್ಣಿಗೆ ಬೀಳದಂತೆ ಮುಚ್ಚಿರುತ್ತದೆ. ಅರ್ಧ ಕೆಲಸ ಈ ಮುಚ್ಚಳದ ಜೊತೆ ಗುದ್ದಾಡುವುದೇ.

ಕಾನೂನಿನ ನಾಲ್ಕು ಕಲಮುಗಳು

1993ರ ದೂರಸಂಪರ್ಕ ಕಾಯ್ದೆಯ ಎಲ್ಲ ಕಲಮುಗಳನ್ನೂ ಬಾಯಿಪಾಠ ಮಾಡಬೇಕಿಲ್ಲ. 25ನೇ ಕಲಮಿನ ಪ್ರಕಾರ ಆಯೋಗ ಒಪ್ಪಿದ ದರಪಟ್ಟಿ ಇಲ್ಲದೆ ಸೇವೆ ಕೊಡುವಂತಿಲ್ಲ. 27(1) ಹೇಳುವುದು, ದರ ನ್ಯಾಯವಾಗಿರಬೇಕು, ಸಮಂಜಸವಾಗಿರಬೇಕು ಎಂದು. 27(2) ಪಕ್ಷಪಾತವನ್ನು ತಡೆಯುತ್ತದೆ. ದೊಡ್ಡ ಕಂಪನಿ ತನ್ನದೇ ಇನ್ನೊಂದು ಅಗ್ಗದ ಬ್ರ್ಯಾಂಡಿನಲ್ಲಿ ಸಗಟು ದರಕ್ಕಿಂತ ಕಡಿಮೆಗೆ ಚಿಲ್ಲರೆ ಮಾರಲು ಹೊರಟಾಗ ನಾವು ಕೈ ಹಾಕುವುದು ಇದಕ್ಕೇ. ಅಂಥ ಭೇದ ಅನ್ಯಾಯದ್ದಲ್ಲ ಎಂದು ತೋರಿಸುವ ಹೊಣೆಯನ್ನು ಕಾಯ್ದೆ ಕಂಪನಿಯ ತಲೆ ಮೇಲೆಯೇ ಹೊರಿಸಿದೆ. ನಾಲ್ಕನೆಯದು 39, ಗೌಪ್ಯ ಮಾಹಿತಿಯ ಕಲಮು. ಅದರ ಮಾತು ಮುಂದೆ ಬರುತ್ತದೆ.

26ನೇ ಕಲಮಿನಲ್ಲಿ ಒಂದು ಗಡುವೂ ಇದೆ: ಅರ್ಜಿ ಬಂದ 45 ಕೆಲಸದ ದಿನಗಳೊಳಗೆ ಆಯೋಗ ಅದನ್ನು ಒಪ್ಪಬೇಕು, ತಿರಸ್ಕರಿಸಬೇಕು, ಬದಲಿ ದರ ಕೊಡಬೇಕು, ಇಲ್ಲವೇ ಯಾಕೆ ಆಗಲಿಲ್ಲ, ಯಾವಾಗ ಆಗುತ್ತದೆ ಎಂದು ಬಹಿರಂಗವಾಗಿ ಹೇಳಬೇಕು. ಹೊಸಬರು ಇದನ್ನು ಓದಿ ಎರಡು ತಿಂಗಳಲ್ಲಿ ದರ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಬರುವುದು ಮಧ್ಯಂತರ ದರ ಮಾತ್ರ. ಅಂತಿಮ ದರಕ್ಕೆ ವರ್ಷಗಳೇ ಹಿಡಿದದ್ದುಂಟು.

ಕಡತ ತೆರೆದ ದಿನ

ದೊಡ್ಡ ಕಂಪನಿ ಸಲ್ಲಿಸುವ ಅರ್ಜಿಗೆ ಟ್ಯಾರಿಫ್ ನೋಟಿಸ್ ಎನ್ನುತ್ತಾರೆ. ಅದರಲ್ಲಿ ಒಂದು ಪತ್ರ, ಬದಲಾಗಲಿರುವ ದರಪಟ್ಟಿಯ ಹಾಳೆಗಳು, ಮತ್ತು ವೆಚ್ಚದ ಅಧ್ಯಯನ ಇರುತ್ತವೆ. ಪತ್ರವನ್ನು ಕೊನೆಗೆ ಓದಿದರೂ ನಡೆಯುತ್ತದೆ. ಮೊದಲು ದರಪಟ್ಟಿಯ ಹಾಳೆಗಳನ್ನು ಹಳೆಯದರ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ದರದ ಸಂಖ್ಯೆಯಷ್ಟೇ ತೂಕದ ಬದಲಾವಣೆಗಳು ಷರತ್ತುಗಳಲ್ಲಿ ಅಡಗಿರುತ್ತವೆ: ಹೊಸ ಸಂಪರ್ಕಕ್ಕೆ ಒಮ್ಮೆ ಕೊಡುವ ಶುಲ್ಕ, ಟೆಕ್ನೀಷಿಯನ್ ಬಂದು ವಾಪಸ್ ಹೋದರೆ ದಂಡ, ಕೆಪಾಸಿಟಿ ಹೆಚ್ಚಿಸಲು ಎಷ್ಟು ದಿನ ಮೊದಲು ಹೇಳಬೇಕು, ಇಳಿಸಲು ಎಷ್ಟು ದಿನ ಕಾಯಬೇಕು. ತಿಂಗಳ ದರದ ಮೇಲೆ ಮೂರು ಪುಟ ವಾದ ಬರೆದು, ಅನುಸ್ಥಾಪನೆಯ ಶುಲ್ಕ ಏರಿದ್ದನ್ನು ಗಮನಿಸದೇ ಬಿಟ್ಟರೆ ಹೊಸ ಗಿರಾಕಿಯಿಂದ ಮೊದಲ ಮೂರು ತಿಂಗಳು ಕೈಗೆ ಏನೂ ಹತ್ತುವುದಿಲ್ಲ.

ಉತ್ತರ ಸಲ್ಲಿಸುವ ಕ್ರಮ ಸರಳ, ಆದರೆ ಕಟ್ಟುನಿಟ್ಟು. ಸಿಆರ್‌ಟಿಸಿ ಖಾತೆಗೆ ಜಿಸಿಕೀ ಎಂಬ ಸರ್ಕಾರಿ ಲಾಗಿನ್ ಮೂಲಕ ಅಥವಾ ಬ್ಯಾಂಕಿನ ಲಾಗಿನ್ ಮೂಲಕ ಒಳಹೋಗಿ ಕಡತ ಏರಿಸಬೇಕು. ಪ್ಯಾರಾಗಳಿಗೆ ಕ್ರಮಸಂಖ್ಯೆ ಬೇಕು. ಐದು ಪುಟ ಮೀರಿದರೆ ಮೇಲೆ ಸಾರಾಂಶ ಬೇಕು. ಕೊನೆಯ ಪ್ಯಾರಾದ ಕೆಳಗೆ ನಕ್ಷತ್ರ ಚಿಹ್ನೆಗಳ ನಡುವೆ ‘ಎಂಡ್ ಆಫ್ ಡಾಕ್ಯುಮೆಂಟ್’ ಎಂದು ಬರೆಯಬೇಕು. ಕಡತ ಏರಿಸುವಾಗ ಹಾಳೆಗಳೇನೂ ತಪ್ಪಿಹೋಗಿಲ್ಲ ಎಂದು ತಿಳಿಯಲಿ ಅಂತ. ಗಡುವು ವ್ಯಾಂಕೂವರ್ ಸಮಯ ಸಂಜೆ 5 ಗಂಟೆ, ಅಂದರೆ ಒಟ್ಟಾವದಲ್ಲಿ ರಾತ್ರಿ 8. ಆ ಮೂರು ಗಂಟೆ ಹೆಚ್ಚಿಗೆ ಸಿಕ್ಕಿತೆಂದು ನೆಚ್ಚಿಕೊಳ್ಳಬೇಡಿ: ದೊಡ್ಡ ಸ್ಪ್ರೆಡ್‌ಶೀಟ್ ಏರುವಾಗ ಅರ್ಧಕ್ಕೆ ನಿಂತದ್ದನ್ನು 7.50ಕ್ಕೆ ನೋಡುವುದು ಯಾರಿಗೂ ಬೇಡ. ನಾವು ಮಧ್ಯಾಹ್ನ 3ಕ್ಕೇ ಕಳಿಸಿ, ಬಂದ ರಸೀದಿ ಸಂಖ್ಯೆಯನ್ನು ತೆಗೆದಿಟ್ಟುಕೊಳ್ಳುತ್ತೇವೆ.

ನಾವೇ ಅರ್ಜಿ ಹಾಕುವುದಾದರೆ ಅದಕ್ಕೆ ‘ಪಾರ್ಟ್ 1’ ದಾರಿ. ಎದುರಿನವರಿಗೆ 30 ದಿನ, ಅದಕ್ಕೆ ನಮ್ಮ ಮರುಉತ್ತರಕ್ಕೆ 10 ದಿನ. ಈ 10 ದಿನದಲ್ಲಿ ನಾಲ್ಕೈದು ದೊಡ್ಡ ಕಂಪನಿಗಳ ವಕೀಲರು ಬರೆದ ನೂರಾರು ಪ್ಯಾರಾಗಳಿಗೆ ಜವಾಬು ಕೊಡಬೇಕಾಗುತ್ತದೆ. ಹಾಗಾಗಿ ಮರುಉತ್ತರದ ಅರ್ಧ ಭಾಗವನ್ನು ಅರ್ಜಿ ಹಾಕುವ ಮೊದಲೇ ಬರೆದಿಟ್ಟುಕೊಳ್ಳುವುದು ರೂಢಿ. ಎದುರಿನವರು ಏನು ಹೇಳುತ್ತಾರೆಂಬುದು ಹತ್ತಕ್ಕೆ ಎಂಟು ಸಲ ಮೊದಲೇ ಗೊತ್ತಿರುತ್ತದೆ.

ಹ್ಯಾಶ್ ಚಿಹ್ನೆಗಳ ಹಾಳೆ

ವೆಚ್ಚದ ಅಧ್ಯಯನಕ್ಕೆ ಇಲ್ಲಿಯವರು ಫೇಸ್ ಟು ಎನ್ನುತ್ತಾರೆ. ಅದರ ತತ್ವ ಇಷ್ಟೆ: ಈ ಸಗಟು ಸೇವೆ ಕೊಡುವುದರಿಂದ ಕಂಪನಿಗೆ ಇನ್ನು ಮುಂದೆ ಎಷ್ಟು ಹೆಚ್ಚುವರಿ ಖರ್ಚು ಬೀಳುತ್ತದೋ ಅಷ್ಟನ್ನು ಲೆಕ್ಕ ಹಾಕಿ, ಅದರ ಮೇಲೆ ಒಂದು ಮಾರ್ಕಪ್ ಸೇರಿಸುವುದು. ಎಂದೋ ಹಾಕಿದ ತಂತಿಯ ಹಳೆಯ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. ಈ ಸೇವೆಗಳಿಗೆ ರೂಢಿಯಲ್ಲಿರುವ ಮಾರ್ಕಪ್ 30%. ವೆಚ್ಚ 20 ಡಾಲರ್ ಎಂದಾದರೆ ದರ 26.

ಅಧ್ಯಯನದ ಎರಡು ಪ್ರತಿ ಸಲ್ಲಿಕೆಯಾಗುತ್ತವೆ. ಪೂರ್ತಿ ಇರುವುದು ಆಯೋಗಕ್ಕೆ. ಸಂಕ್ಷಿಪ್ತವಾದದ್ದು ಸಾರ್ವಜನಿಕ ಕಡತಕ್ಕೆ. ಆ ಸಂಕ್ಷಿಪ್ತ ಪ್ರತಿಯನ್ನು ಮೊದಲ ಸಲ ತೆರೆದವರಿಗೆ ಮೈ ಉರಿಯುತ್ತದೆ. ಎಡಗಡೆ ಕಾಲಮ್ಮಿನಲ್ಲಿ ಬಾಬ್ತಿನ ಹೆಸರುಗಳು: ನೋಡ್ ಉಪಕರಣ, ಅಗ್ರಿಗೇಷನ್ ರೂಟರ್, ಆರ್ಡರ್ ನಿರ್ವಹಣೆ, ಬಿಲ್ಲಿಂಗ್, ಟ್ರಾಫಿಕ್ ಎಂಜಿನಿಯರಿಂಗ್. ಬಲಗಡೆ ವರ್ಷವರ್ಷಕ್ಕೊಂದು ಕಾಲಮ್ಮು, ಪ್ರತಿ ಕೋಶದಲ್ಲೂ ಸಂಖ್ಯೆಯನ್ನು ಮುಚ್ಚಿ ಹಾಕಿದ ಒಂದು ಹ್ಯಾಶ್ (#) ಚಿಹ್ನೆ. ಕೆಳಗೆ ಎಳೆದಷ್ಟೂ ಹ್ಯಾಶ್. ಒಟ್ಟು ಮೊತ್ತದ ಕೋಶದಲ್ಲೂ ಅದೇ. ಈ ಹಾಳೆಯ ಮೇಲೆ ಆಕ್ಷೇಪಣೆ ಬರೆಯಿರಿ ಎನ್ನುತ್ತದೆ ಪ್ರಕ್ರಿಯೆ.

ಆದರೂ ಇದರಿಂದ ಎಳೆದು ತೆಗೆಯುವಂಥದ್ದು ಬಹಳ ಇದೆ. ಪ್ರಸ್ತಾವಿತ ದರ ಬಹಿರಂಗ, ಮಾರ್ಕಪ್ಪೂ ಬಹಿರಂಗ. 32.50 ಡಾಲರ್ ಕೇಳಿದ್ದಾರೆ, ಮಾರ್ಕಪ್ 30% ಎಂದರೆ 1.3ರಿಂದ ಭಾಗಿಸಿ; ವೆಚ್ಚ 25 ಎಂದು ಅವರೇ ಹೇಳಿದಂತಾಯಿತು. ಆಮೇಲೆ ಉಪಕರಣ ತಯಾರಕರಿಂದ ಬೆಲೆ ತರಿಸಿ ನಮ್ಮದೇ ಲೆಕ್ಕ ಕಟ್ಟುತ್ತೇವೆ. ಎರಡರ ನಡುವೆ ಅಂತರ ಎಲ್ಲಿಂದ ಬಂತು ಎಂದು ಹುಡುಕುವಾಗ ನೋಡಬೇಕಾದ ಇನ್‌ಪುಟ್‌ಗಳು ನಾಲ್ಕೈದೇ.

ಮೊದಲನೆಯದು ಫಿಲ್ ಫ್ಯಾಕ್ಟರ್, ಉಪಕರಣದ ಎಷ್ಟು ಭಾಗ ನಿಜಕ್ಕೂ ಬಳಕೆಯಲ್ಲಿದೆ ಎಂಬ ಪ್ರಮಾಣ. ಸುಮ್ಮನೆ ಒಂದು ಲೆಕ್ಕ ತೆಗೆದುಕೊಳ್ಳಿ: ಸಾವಿರ ಪೋರ್ಟಿನ ಕಾರ್ಡಿಗೆ 60,000 ಡಾಲರ್. ಪೂರ್ತಿ ತುಂಬಿದರೆ ಪೋರ್ಟಿಗೆ 60. 80% ತುಂಬುತ್ತದೆ ಎಂದರೆ 75. 60% ಎಂದರೆ 100. ಕಾರ್ಡಿನ ಬೆಲೆಯಲ್ಲಿ ಒಂದು ಡಾಲರೂ ಬದಲಾಗಿಲ್ಲ. ಕೋಷ್ಟಕದ ಮೂಲೆಯಲ್ಲಿ ಕೂತ ಒಂದು ಶೇಕಡಾ ದರವನ್ನು ಮೂರನೇ ಎರಡರಷ್ಟು ಏರಿಸಿತು.

ಎರಡನೆಯದು ಬಾಳಿಕೆ. 1,200 ಡಾಲರಿನ ಉಪಕರಣ ಐದು ವರ್ಷ ಬಾಳುತ್ತದೆ ಎಂದರೆ, ಬಡ್ಡಿ ಬಿಟ್ಟು, ತಿಂಗಳಿಗೆ 20. ಎಂಟು ವರ್ಷ ಎಂದರೆ 12.50. ದೊಡ್ಡ ಕಂಪನಿಗಳು ವೆಚ್ಚದ ಅಧ್ಯಯನದಲ್ಲಿ ಉಪಕರಣ ಬೇಗ ಹಳತಾಗುತ್ತದೆ ಎನ್ನುತ್ತವೆ. ಅದೇ ಕಂಪನಿ ಷೇರುದಾರರಿಗೆ ಬರೆಯುವ ವಾರ್ಷಿಕ ವರದಿಯಲ್ಲಿ ಸವಕಳಿಯ ಅವಧಿ ಬೇರೆ ಇರಬಹುದು. ವಾರ್ಷಿಕ ವರದಿ, ಹೂಡಿಕೆದಾರರ ಜೊತೆಗಿನ ಕರೆಯ ಪಠ್ಯ, ಉಪಕರಣ ತಯಾರಕರ ಪ್ರಕಟಣೆಗಳು ನಮಗೆ ಹ್ಯಾಶ್‌ಗಳಿಗಿಂತ ಹೆಚ್ಚು ಕೊಟ್ಟಿವೆ. ‘ನಮ್ಮ ಜಾಲದ ಮೇಲೆ ಟ್ರಾಫಿಕ್ ದಾಖಲೆ ಮಟ್ಟಕ್ಕೆ ಏರುತ್ತಿದೆ’ ಎಂಬ ಧಾಟಿಯ ಮಾತು ಹೂಡಿಕೆದಾರರ ಮುಂದೆ, ‘ಬೆಳವಣಿಗೆ ನಿಧಾನಿಸುತ್ತಿದೆ’ ಎಂಬ ಧಾಟಿಯದು ಆಯೋಗದ ಮುಂದೆ ಬಂದರೆ, ಎರಡನ್ನೂ ಒಂದರ ಕೆಳಗೊಂದು ಇಟ್ಟು ಅನುಬಂಧವಾಗಿ ಹಚ್ಚುತ್ತೇವೆ. ವಾದವನ್ನು ಅಲ್ಲಿ ಬೆಳೆಸಬೇಕಾಗಿಯೇ ಇಲ್ಲ.

ಟ್ರಾಫಿಕ್ ಬೆಳವಣಿಗೆಯ ದರಕ್ಕೆ ಇಷ್ಟು ಮಹತ್ವ ಯಾಕೆಂದರೆ, ಕೆಪಾಸಿಟಿಯ ಖರ್ಚನ್ನು ಹಂಚಿಕೊಳ್ಳುವ ತುಂಡುಗಳ ಸಂಖ್ಯೆ ಅದರಿಂದಲೇ ಬರುವುದು. ಕಡಿಮೆ ಬೆಳವಣಿಗೆ ಹಾಕಿದರೆ ಕಡಿಮೆ ತುಂಡು, ತುಂಡಿಗೆ ಹೆಚ್ಚು ದರ. ಇದರ ಜೋಡಿ ಇನ್‌ಪುಟ್ ಉಪಕರಣದ ಬೆಲೆ ವರ್ಷಕ್ಕೆ ಎಷ್ಟು ಇಳಿಯುತ್ತದೆ ಎಂಬುದು. ಇಂದು 100 ಡಾಲರ್ ಇರುವ ಸಾಮರ್ಥ್ಯ ವರ್ಷಕ್ಕೆ 10% ಇಳಿದರೆ ಐದು ವರ್ಷದ ನಂತರ 59, 25% ಇಳಿದರೆ 24. ಎರಡೂ ಊಹೆಗಳು ಕಾಗದದ ಮೇಲೆ ತಪ್ಪಿಲ್ಲದಂತೆ ಕಾಣುತ್ತವೆ. ಐದನೇ ವರ್ಷಕ್ಕೆ ಒಂದು ಇನ್ನೊಂದರ ಎರಡೂವರೆ ಪಟ್ಟಿಗೆ ಹತ್ತಿರ ಬಂದಿರುತ್ತದೆ.

ಮುಚ್ಚಳ ತೆಗೆಸುವುದಕ್ಕೂ ದಾರಿ ಇದೆ. 39ನೇ ಕಲಮಿನಡಿ ಗೌಪ್ಯ ಎಂದು ಗುರುತಿಸಿದವರು ಕಾರಣ ಕೊಡಬೇಕು. ನಾವು ಬಹಿರಂಗ ಮಾಡಿ ಎಂದು ಕೋರಬಹುದು. ಅದರಿಂದಾಗುವ ನಿರ್ದಿಷ್ಟ ಹಾನಿಯನ್ನೂ ಸಾರ್ವಜನಿಕ ಹಿತವನ್ನೂ ಆಯೋಗ ತೂಗಿ ನೋಡುತ್ತದೆ. ಶುರುವಿನಲ್ಲಿ ನಾವು ಮಾಡುತ್ತಿದ್ದ ತಪ್ಪು, ಎಲ್ಲವನ್ನೂ ಬಿಚ್ಚಿ ಎಂದು ಕೇಳುವುದು. ಅದು ಒಂದೇ ಸಾಲಿನಲ್ಲಿ ತಳ್ಳಿಹೋಗುತ್ತದೆ. ಉಪಕರಣ ತಯಾರಕನ ಜೊತೆಗಿನ ಒಪ್ಪಂದದ ಬೆಲೆ ಸಿಗುವುದೇ ಇಲ್ಲ, ಸಿಗಬೇಕಾದ್ದೂ ಅಲ್ಲ. ಆದರೆ ‘ಆಕ್ಸೆಸ್ ವೆಚ್ಚದಲ್ಲಿ ಬಂಡವಾಳದ ಪಾಲೆಷ್ಟು, ನಿರ್ವಹಣೆಯ ಪಾಲೆಷ್ಟು, ಒಟ್ಟು ಮೊತ್ತದಲ್ಲಿ ಹೇಳಿ’ ಎಂದು ಕೇಳಿದರೆ ಸಿಗುವ ಸಂಭವ ಹೆಚ್ಚು. ಫಿಲ್ ಫ್ಯಾಕ್ಟರನ್ನು ಯಾವ ವಿಧಾನದಿಂದ ಲೆಕ್ಕ ಹಾಕಿದಿರಿ ಎಂದು, ಸಂಖ್ಯೆ ಕೇಳದೆ ವಿಧಾನವನ್ನಷ್ಟೇ ಕೇಳಬೇಕು. ವಿಧಾನ ಗೊತ್ತಾದರೆ ಸಂಖ್ಯೆ ಯಾವ ಕಡೆ ವಾಲಿದೆ ಎಂದು ಗೊತ್ತಾಗುತ್ತದೆ.

ಒಮ್ಮೆ ಹೀಗೆ ವಿಧಾನ ಕೇಳಿದಾಗ ಬಂದ ಉತ್ತರದಲ್ಲಿ ಕಂಡದ್ದು: ಗಿರಾಕಿ ಕರೆಗಳಿಗೆ ಉತ್ತರಿಸುವ ಸಿಬ್ಬಂದಿಯ ಸಮಯವನ್ನು ಸಗಟು ಸೇವೆಯ ಲೆಕ್ಕಕ್ಕೂ ಹಂಚಲಾಗಿತ್ತು. ನಮ್ಮ ಗಿರಾಕಿಯ ಕರೆ ಬರುವುದು ನಮ್ಮ ಸಿಬ್ಬಂದಿಗೆ, ಅವರಿಗಲ್ಲ. ಹಂಚಿಕೆಯ ಸೂತ್ರ ಚಿಲ್ಲರೆ ಗಿರಾಕಿಗಳ ಮೇಲೆ ಕಟ್ಟಿದ್ದು, ಅದನ್ನೇ ಸಗಟಿಗೂ ಎಳೆದಿದ್ದರು. ಕೆಟ್ಟ ಉದ್ದೇಶ ಇತ್ತೆಂದು ನಾವು ಹೇಳುವುದಿಲ್ಲ. ಹಳೆಯ ಸ್ಪ್ರೆಡ್‌ಶೀಟನ್ನು ನಕಲು ಮಾಡಿ ಹೊಸ ಅಧ್ಯಯನ ಕಟ್ಟುವಾಗ ಇಂಥವು ಜೊತೆಗೇ ಬರುತ್ತವೆ. ಹುಡುಕಿ ತೋರಿಸದಿದ್ದರೆ ಅದು ದರದೊಳಗೆ ಖಾಯಂ ಕೂತುಬಿಡುತ್ತದೆ.

ಮಧ್ಯಂತರ, ಅಂತಿಮ, ಮತ್ತೆ ಮಧ್ಯಂತರ

ಒಂದು ದರದ ಕಡತ ಎಷ್ಟು ಕಾಲ ತೆಗೆದುಕೊಳ್ಳಬಹುದು ಎಂಬುದಕ್ಕೆ ಸಾರ್ವಜನಿಕ ದಾಖಲೆಯಲ್ಲೇ ಇರುವ ಕಥೆ ನೋಡಿ. 2016ರ ಅಕ್ಟೋಬರ್ 6ರಂದು ಸಿಆರ್‌ಟಿಸಿ ದೊಡ್ಡ ಕಂಪನಿಗಳು ಕೇಳಿದ್ದ ದರಗಳನ್ನು ಒಪ್ಪದೆ, ಕೆಪಾಸಿಟಿ ದರವನ್ನು 89%ವರೆಗೆ, ಆಕ್ಸೆಸ್ ದರವನ್ನು 39%ವರೆಗೆ ಇಳಿಸಿ ಮಧ್ಯಂತರ ದರ ಕೊಟ್ಟಿತು; ಹೊಸದಾಗಿ ಲೆಕ್ಕ ತನ್ನಿ ಎಂದಿತು. 2019ರ ಆಗಸ್ಟ್ 15ರಂದು 2019-288 ಸಂಖ್ಯೆಯ ಆದೇಶದಲ್ಲಿ ಅಂತಿಮ ದರ ಬಂತು. ಮಧ್ಯಂತರ ದರಕ್ಕಿಂತಲೂ ಕೆಪಾಸಿಟಿ 15ರಿಂದ 43%, ಆಕ್ಸೆಸ್ 3ರಿಂದ 77% ಕಡಿಮೆ. ಜೊತೆಗೆ ಹಿಂದಿನಿಂದ ಅನ್ವಯ, ಅಂದರೆ ಹೆಚ್ಚಿಗೆ ಕಟ್ಟಿದ್ದು ವಾಪಸ್.

ದೊಡ್ಡ ಕಂಪನಿಗಳು ಮೂರು ಬಾಗಿಲನ್ನೂ ಒಟ್ಟಿಗೆ ತಟ್ಟಿದವು. ಕಾಯ್ದೆಯಲ್ಲಿ ಮೂರೂ ಇವೆ: 64ನೇ ಕಲಮಿನಡಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, 62ರಡಿ ಆಯೋಗವೇ ತನ್ನ ಆದೇಶವನ್ನು ಮರುಪರಿಶೀಲಿಸಬೇಕೆಂಬ ಕೋರಿಕೆ, 12ರಡಿ ಫೆಡರಲ್ ಸಚಿವ ಸಂಪುಟಕ್ಕೆ ಮನವಿ. ನ್ಯಾಯಾಲಯ ಆದೇಶಕ್ಕೆ ತಡೆ ಕೊಟ್ಟಿತು. ಸರಿಯಾಗಿ ವರ್ಷ ತುಂಬಿದ ದಿನ, 2020ರ ಆಗಸ್ಟ್ 15ರಂದು, ಸಂಪುಟ ಆದೇಶವನ್ನು ಬದಲಿಸಲಿಲ್ಲ. ಆದರೆ ಈ ದರಗಳು ಎಲ್ಲ ಕಡೆಯೂ ಸರಿಯಾದ ಸಮತೋಲನದಲ್ಲಿಲ್ಲ ಎಂದು ಬರೆಯಿತು. ಸೆಪ್ಟೆಂಬರ್ 10ರಂದು ಮೇಲ್ಮನವಿ ನ್ಯಾಯಾಲಯ ದೊಡ್ಡ ಕಂಪನಿಗಳ ಮನವಿಯನ್ನು ವಜಾ ಮಾಡಿತು. ಅದೇ ತಿಂಗಳ 28ರಂದು ಸಿಆರ್‌ಟಿಸಿಯೇ ತನ್ನ ಆದೇಶಕ್ಕೆ ತಡೆ ಹಾಕಿಕೊಂಡಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೇಳಲು ಒಪ್ಪಲಿಲ್ಲ. ನಡುವೆ ಬಿದ್ದ ತಡೆಯನ್ನು ಬಿಟ್ಟರೆ, ಕೋರ್ಟಿನಲ್ಲಿ ಕೊನೆಗೆ ಗೆದ್ದದ್ದು ಸಣ್ಣ ಕಂಪನಿಗಳೇ.

2021ರ ಮೇ 27ರಂದು 2021-181ನೇ ತೀರ್ಮಾನ ಬಂತು: 2019ರ ದರಗಳಲ್ಲಿ ಲೆಕ್ಕದ ದೋಷಗಳಿವೆ ಎಂಬ ಸಂದೇಹ ಗಟ್ಟಿಯಿದೆ, ಹೊಸದಾಗಿ ಲೆಕ್ಕ ಹಾಕುತ್ತ ಕೂತರೆ ಇನ್ನೂ ವರ್ಷಗಳು ಹೋಗುತ್ತವೆ, ಆದ್ದರಿಂದ 2016ರ ಮಧ್ಯಂತರ ದರಗಳೇ ಕೆಲವು ಬದಲಾವಣೆಗಳೊಡನೆ ಅಂತಿಮ. ಐದು ವರ್ಷದ ಕೆಲಸ ಹೊರಟಲ್ಲಿಗೇ ಬಂದು ನಿಂತಿತು. ಚ್ಯಾಥಮ್ ಊರಿನ ಸ್ವತಂತ್ರ ಇಂಟರ್ನೆಟ್ ಕಂಪನಿ ಟೆಕ್‌ಸ್ಯಾವಿ ಇದರ ವಿರುದ್ಧ ಸಂಪುಟದ ಮೊರೆಹೋಯಿತು. 2022ರ ಮೇನಲ್ಲಿ ಅದೂ ತಿರಸ್ಕೃತವಾಯಿತು. ಆ ಹೊತ್ತಿಗೆ ಹಲವು ಸಣ್ಣ ಕಂಪನಿಗಳು ಮಾರಾಟದ ದಾರಿ ಹಿಡಿದಿದ್ದವು. ಈಬಾಕ್ಸ್ ಮತ್ತು ಡಿಸ್ಟ್ರಿಬ್ಯುಟೆಲ್ ದೊಡ್ಡ ಟೆಲಿಫೋನ್ ಕಂಪನಿ ಬೆಲ್‌ಗೆ, ವಿಮೀಡಿಯಾ ಕೇಬಲ್ ಜಾಲವಿರುವ ಕ್ವಿಬೆಕೋರ್‌ಗೆ 2022ರಲ್ಲಿ ಹೋದವು. ಮರುವರ್ಷ ಆಕ್ಸಿಯೊ ಇನ್ನೊಂದು ಕೇಬಲ್ ಕಂಪನಿ ಕೊಜೆಕೋದ ಪಾಲಾಯಿತು. ನಮ್ಮ ಅಭಿಪ್ರಾಯ ನೇರವಾಗಿಯೇ ಹೇಳುತ್ತೇವೆ: ಐದು ವರ್ಷ ಯಾವ ದರ ನಿಲ್ಲುತ್ತದೆಂದು ಗೊತ್ತಿಲ್ಲದೆ ಯಾವ ಸಣ್ಣ ಕಂಪನಿಯೂ ಸಾಲ ತಂದು ಬೆಳೆಯಲಾರದು. ದರ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಈ ತಡವೇ ಹೆಚ್ಚು ಜನರನ್ನು ಕಣದಿಂದ ಹೊರದಬ್ಬಿತು.

ಮಧ್ಯಂತರ ದರ ಇದ್ದಷ್ಟು ಕಾಲ ಲೆಕ್ಕಪತ್ರದಲ್ಲಿ ಒಂದು ಶಿಸ್ತು ಬೇಕೇಬೇಕು. 4,000 ಗಿರಾಕಿಗಳು, 100 ತುಂಡು ಕೆಪಾಸಿಟಿ ಇರುವ ಕಂಪನಿ ಎಂದುಕೊಳ್ಳಿ. ಆಕ್ಸೆಸ್‌ನಲ್ಲಿ 3 ಡಾಲರ್, ತುಂಡಿಗೆ 50 ಡಾಲರ್ ವ್ಯತ್ಯಾಸವಾದರೆ ತಿಂಗಳಿಗೆ 12,000 ಮತ್ತು 5,000, ಒಟ್ಟು 17,000. ನಾಲ್ಕು ವರ್ಷಕ್ಕೆ 8,16,000 ಡಾಲರ್. ಅದು ಬರಬೇಕಾದ ಹಣವೂ ಆಗಬಹುದು, ಕೊಡಬೇಕಾದದ್ದೂ ಆಗಬಹುದು. ಅಂತಿಮ ಆದೇಶ ಬಂತು ಎಂದು ಬರಲಿರುವ ಹಣವನ್ನು ಆದಾಯವೆಂದು ತೋರಿಸಿ ಚಿಲ್ಲರೆ ದರ ಇಳಿಸಿದರೆ, ತಡೆ ಬಿದ್ದ ದಿನ ನೆಲ ಕುಸಿಯುತ್ತದೆ. ಮೇಲ್ಮನವಿಗೆ 30 ದಿನ, ಸಂಪುಟಕ್ಕೂ ಮರುಪರಿಶೀಲನೆಗೂ 90 ದಿನ. ಈ ಗಡುವುಗಳು ಮುಗಿದು, ಹಾಕಿದ ಮನವಿಗಳೂ ಇತ್ಯರ್ಥವಾಗುವವರೆಗೆ ಆ ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಟ್ಟದಿರುವುದು ಒಳ್ಳೆಯದು.

ರಾತ್ರಿ 9 ಗಂಟೆಯ ಕೊಳವೆ

ಕೆಪಾಸಿಟಿಗೆ ದರ ಹಾಕುವ ಈ ಪದ್ಧತಿಯ ಹಿಂದೆ 2011ರ ದೊಡ್ಡ ಗದ್ದಲವಿದೆ. ಆ ಜನವರಿಯಲ್ಲಿ ಸಿಆರ್‌ಟಿಸಿ ಸಗಟಿನಲ್ಲೂ ಗಿರಾಕಿ ಬಳಸಿದ ಗಿಗಾಬೈಟ್ ಲೆಕ್ಕದಲ್ಲಿ ಹಣ ಪಡೆಯಲು ಅವಕಾಶ ಕೊಟ್ಟಿತ್ತು. ಲಕ್ಷಗಟ್ಟಲೆ ಜನ ಮನವಿಗೆ ಸಹಿ ಹಾಕಿದರು, ಸರ್ಕಾರವೂ ಒಪ್ಪಲಿಲ್ಲ. ನವೆಂಬರ್ 15ರ ತೀರ್ಮಾನದಲ್ಲಿ ಕೆಪಾಸಿಟಿ ಕೊಳ್ಳುವ ಪದ್ಧತಿ ಬಂತು: ಜಾಲಕ್ಕೆ ನಿಜವಾದ ಖರ್ಚು ತರುವುದು ತುಂಬಿದ ಹೊತ್ತಿನ ಹರಿವು, ಬಳಸಿದ ಒಟ್ಟು ಗಿಗಾಬೈಟ್ ಅಲ್ಲ.

ಹಾಗಾಗಿ ಸಣ್ಣ ಕಂಪನಿ ಕೊಳ್ಳಬೇಕಾದದ್ದು ಅತಿ ಹೆಚ್ಚು ತುಂಬುವ ಗಂಟೆಗೆ ಬೇಕಾದಷ್ಟು. ಸಾಮಾನ್ಯವಾಗಿ ಅದು ರಾತ್ರಿ 8ರಿಂದ 11ರ ನಡುವೆ. ಗಿರಾಕಿಗೆ ಸರಾಸರಿ 2.5 ಎಂಬಿಪಿಎಸ್ ಎಂದು ಹಿಡಿದರೆ 4,000 ಜನಕ್ಕೆ 10,000 ಎಂಬಿಪಿಎಸ್, ಅಂದರೆ 100 ತುಂಡು. ಕಡಿಮೆ ಕೊಂಡರೆ ಆ ಹೊತ್ತಿಗೆ ಎಲ್ಲರ ವಿಡಿಯೊ ತಡವರಿಸುತ್ತದೆ, ಮರುದಿನ ಫೋನ್ ಬಡಿದುಕೊಳ್ಳುತ್ತದೆ. ಹೆಚ್ಚು ಕೊಂಡರೆ ಖಾಲಿ ಕೊಳವೆಗೆ ಹಣ. ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್, ಮಿಸಿಸಾಗಾ ಕಡೆಯ ನಮ್ಮವರು ಕೇಳುವುದುಂಟು, ಐಪಿಎಲ್ ಬಂದಾಗ ನಿಮಗೆ ಖರ್ಚು ಹೆಚ್ಚಲ್ಲವೇ ಎಂದು. ಬೆಂಗಳೂರಿನ ಸಂಜೆ 7.30ರ ಪಂದ್ಯ ಟೊರೊಂಟೊದಲ್ಲಿ ಶುರುವಾಗುವುದು ಬೆಳಗ್ಗೆ 10ಕ್ಕೆ. ಆ ಹೊತ್ತಿಗೆ ಕೊಳವೆಯಲ್ಲಿ ಧಾರಾಳ ಜಾಗವಿರುತ್ತದೆ. ಪಂದ್ಯ ಎಷ್ಟು ಗಿಗಾಬೈಟ್ ಎಳೆದರೂ ನಮ್ಮ ಬಿಲ್ಲಿಗೆ ಒಂದು ಸೆಂಟೂ ಸೇರುವುದಿಲ್ಲ. ಗಿಗಾಬೈಟ್ ಲೆಕ್ಕದಲ್ಲಿದ್ದಿದ್ದರೆ ಸೇರುತ್ತಿತ್ತು.

ಫೈಬರ್

ತಾಮ್ರದ ತಂತಿಯ ಜಗಳ ಮುಗಿಯುವ ಮೊದಲೇ ಗಿರಾಕಿಗಳು ಫೈಬರ್ ಕಡೆ ಹೊರಟಿದ್ದರು. 2015ರಲ್ಲೇ ಫೈಬರನ್ನೂ ಸಗಟಿಗೆ ಕೊಡಬೇಕು ಎಂದು ಆಯೋಗ ಹೇಳಿತ್ತು, ಆದರೆ ಬಿಡಿಬಿಡಿ ಮಾದರಿಯಲ್ಲಿ: ಸ್ಪರ್ಧಿಗಳು ಒಂದೊಂದು ಎಕ್ಸ್‌ಚೇಂಜಿನವರೆಗೂ ತಮ್ಮದೇ ಸಾಗಣೆ ಜಾಲ ಒಯ್ಯಬೇಕಿತ್ತು. ಕೆಲವೇ ಸಾವಿರ ಗಿರಾಕಿಗಳಿರುವವರಿಗೆ ನೂರಾರು ಎಕ್ಸ್‌ಚೇಂಜಿಗೆ ತಂತಿ ಒಯ್ಯುವುದು ಆಗುವ ಮಾತಲ್ಲ. ಒಂದೇ ಕೂಡುತಾಣದಲ್ಲಿ ಕೈಜೋಡಿಸಿದರೆ ಇಡೀ ಪ್ರಾಂತ್ಯದ ಗಿರಾಕಿಗಳು ಸಿಗುವ ಒಟ್ಟುಗೂಡಿದ ಮಾದರಿಯೇ ಬೇಕು ಎಂದು ನಾವು ಪದೇಪದೇ ಬರೆದದ್ದು ಇದಕ್ಕೆ.

2023ರ ಮಾರ್ಚ್‌ನಲ್ಲಿ ಆಯೋಗ ಇಡೀ ಚೌಕಟ್ಟನ್ನು ಮತ್ತೆ ತೆರೆದು, ಕೆಪಾಸಿಟಿ ದರಕ್ಕೆ ತಕ್ಷಣ 10% ಕಡಿತ ಹಾಕಿತು. ನವೆಂಬರ್ 6ರಂದು ಒಂಟಾರಿಯೊ ಮತ್ತು ಕ್ವಿಬೆಕ್‌ನಲ್ಲಿ ಬೆಲ್, ಟೆಲಸ್‌ಗಳ ಫೈಬರನ್ನು ಒಟ್ಟುಗೂಡಿದ ಮಾದರಿಯಲ್ಲಿ ಆರು ತಿಂಗಳೊಳಗೆ ತಾತ್ಕಾಲಿಕವಾಗಿ ತೆರೆಯಿರಿ ಎಂದಿತು. ಬೆಲ್ ಹೂಡಿಕೆಯಲ್ಲಿ 100 ಕೋಟಿ ಡಾಲರಿಗೂ ಹೆಚ್ಚು ಕಡಿತ ಮಾಡುವುದಾಗಿ ಸಾರಿತು. ಆ ಬೆದರಿಕೆಯನ್ನು ಲಘುವಾಗಿ ಕಾಣುವಂತಿಲ್ಲ. ಫೈಬರ್ ಇನ್ನೂ ತಲುಪದ ಊರಿನವರ ಪಾಲಿಗೆ ಹೂಡಿಕೆ ನಿಜವಾದ ಪ್ರಶ್ನೆ. 2024ರ ಆಗಸ್ಟ್ 13ರ ತೀರ್ಮಾನದಲ್ಲಿ ಆಯೋಗ ಅದಕ್ಕೆ ಕೊಟ್ಟ ಉತ್ತರ ನಮಗೂ ಸರಿಯೆನಿಸಿತು: ದೊಡ್ಡ ಟೆಲಿಫೋನ್ ಕಂಪನಿಗಳ ಫೈಬರ್ 2025ರ ಫೆಬ್ರವರಿಯಿಂದ ದೇಶದೆಲ್ಲೆಡೆ ಸಗಟಿಗೆ, ಆದರೆ ಈ ತೀರ್ಮಾನ ಬಂದ ದಿನದ ನಂತರ ಹೊಸದಾಗಿ ಎಳೆದ ಫೈಬರಿಗೆ 2029ರ ಆಗಸ್ಟ್‌ವರೆಗೆ ವಿನಾಯಿತಿ. ಇದರಿಂದ ನಮ್ಮ ಕೆಲಸಕ್ಕೆ ಒಂದು ತೊಡಕು ಸೇರಿದೆ. ಒಂದೇ ಬೀದಿಯಲ್ಲಿ ಒಂದು ಮನೆಗೆ ಸಗಟು ಫೈಬರ್ ಸಿಗುತ್ತದೆ, ಆಚೆ ಹೊಸ ಬಡಾವಣೆಗೆ ಸಿಗುವುದಿಲ್ಲ. ಆರ್ಡರ್ ಹಾಕುವ ಮೊದಲು ವಿಳಾಸದ ಅರ್ಹತೆ ನೋಡದೆ ಗಿರಾಕಿಗೆ ಮಾತು ಕೊಡಬಾರದು.

ಈ ತೀರ್ಮಾನದ ಪ್ರಕಾರ ದೊಡ್ಡ ಕಂಪನಿಗಳೂ ತಮ್ಮ ಸ್ವಂತ ಸೀಮೆಯ ಹೊರಗೆ ಇನ್ನೊಬ್ಬರ ಫೈಬರನ್ನು ಸಗಟಿಗೆ ಕೊಳ್ಳಬಹುದು. ಇದು ಸಂಪುಟದವರೆಗೂ ಹೋಗಿ, ಆಯೋಗಕ್ಕೆ ಮರಳಿ, 2025ರ ಆಗಸ್ಟ್‌ನಲ್ಲಿ ಹಾಗೆಯೇ ಉಳಿಯಿತು. ಸಣ್ಣವರಿಗೆಂದು ತೆರೆದ ಬಾಗಿಲಲ್ಲಿ ದೊಡ್ಡವರೂ ನುಗ್ಗಿದರೆ ದರ ಎಷ್ಟೇ ನ್ಯಾಯವಾಗಿದ್ದರೂ ಸಣ್ಣವರಿಗೆ ಉಳಿಯುವ ಜಾಗ ಕಡಿಮೆ ಎಂಬುದು ನಮ್ಮ ಆತಂಕ.

ಆದೇಶ ಬಂದ ಮೇಲಿನ ಮೊದಲ ಬಿಲ್ಲು

ಆದೇಶ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೊನೆಯ ಅನುಬಂಧ, ಅಲ್ಲಿ ಶ್ರೇಣಿವಾರು ದರದ ಕೋಷ್ಟಕ ಇರುತ್ತದೆ. ಆಮೇಲೆ ಯಾವ ದಿನಾಂಕದಿಂದ ಅನ್ವಯ ಎಂಬ ಪ್ಯಾರಾ. ಅದರ ಮೇಲೆ ಕಂಪನಿಗಳು ಹೊಸ ದರಪಟ್ಟಿಯ ಹಾಳೆಗಳನ್ನು ಹೊರಡಿಸಬೇಕು. ಆ ಹಾಳೆಗಳನ್ನು ಅನುಬಂಧದೊಂದಿಗೆ ಹೋಲಿಸಿ ನೋಡಿ. ಚಿಲ್ಲರೆಯಲ್ಲಿ ಮಾರುವ ವೇಗಗಳನ್ನೆಲ್ಲ ಸಗಟಿನಲ್ಲೂ ಕೊಡಬೇಕೆಂಬ ನಿಯಮ 2010ರಿಂದ ಇದೆ. ಹಾಗಾಗಿ ಕಡತ ನಡೆಯುತ್ತಿದ್ದ ಕಾಲದಲ್ಲಿ ಬಂದ ಹೊಸ ವೇಗಕ್ಕೆ ದರಪಟ್ಟಿಯಲ್ಲಿ ಸಾಲು ಇದೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ಅದಕ್ಕೆ ಮತ್ತೊಂದು ಟ್ಯಾರಿಫ್ ನೋಟಿಸ್, ಮತ್ತೊಂದು ಮಧ್ಯಂತರ ದರ.

ಕೊನೆಗೆ ಬಿಲ್ಲು. ಒಂದು ಸಲ ಹೊಸ ದರದ ಮೊದಲ ಬಿಲ್ಲನ್ನು ಸಾಲು ಸಾಲಾಗಿ ನೋಡುವಾಗ, ಐದು ವೇಗದ ಶ್ರೇಣಿಗಳಲ್ಲಿ ನಾಲ್ಕಕ್ಕೆ ಹೊಸ ದರ ಬಿದ್ದಿತ್ತು. ಐದನೆಯದರ ಹಳೆಯ ಕೋಡ್ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಬೇರೆ ಹೆಸರಿನಲ್ಲಿದ್ದುದರಿಂದ ಹಳೆಯ ದರವೇ ನಡೆಯುತ್ತಿತ್ತು. ಆ ಶ್ರೇಣಿಯಲ್ಲಿ ನಮ್ಮ 312 ಗಿರಾಕಿಗಳಿದ್ದರು. ಬಿಲ್ ತಕರಾರಿನ ನಮೂನೆಯಲ್ಲಿ ಆದೇಶದ ಸಂಖ್ಯೆ, ಅನುಬಂಧದ ಸಾಲು, ಕೋಡ್, ಗಿರಾಕಿಗಳ ಸಂಖ್ಯೆ, ತಿಂಗಳವಾರು ವ್ಯತ್ಯಾಸ ಬರೆದು ಕಳಿಸಿದೆವು. ಮೂರನೇ ತಿಂಗಳ ಬಿಲ್ಲಿನಲ್ಲಿ ಜಮೆ ಬಂತು.